ಹಳೇ ಉಪಕರಣಗಳ ಸಂಗ್ರಹ ನೋಡಿ ಬಂದೆ. ಚೀಟಿ ಬರೆಯೋ ಕೆಲಸ ಎಲ್ಲಿಂದ ಶುರು ಮಾಡಲಿ?

ಬೈರಿಗೆ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಒಬ್ಬ ಹಿರಿಯರ ಮನೆಗೆ ಹೋಗಿದ್ದೆ. ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ನಲವತ್ತು ವರ್ಷದಿಂದ ಹಳೇ ಉಪಕರಣ, ಬೀಗ, ಲೆಕ್ಕದ ಯಂತ್ರ, ಸಂಗೀತ ಪೆಟ್ಟಿಗೆ ಅಂತ ಕೂಡಿಡುತ್ತಾ ಬಂದಿದ್ದಾರೆ. ಮನೆಯ ಹಿಂದಿನ ಶೆಡ್ಡು, ಅದರ ಅಟ್ಟ, ಪಕ್ಕದ ಒಂದು ಕೋಣೆ, ಮೂರೂ ತುಂಬಿವೆ. ಒಂದು ಗಂಟೆ ಇದ್ದು ಬರೋಣ ಅಂತ ಹೋದವನು ಕತ್ತಲಾದ ಮೇಲೆ ಹೊರಟೆ.

ಒಳಗೆ ಕಾಲಿಟ್ಟ ತಕ್ಷಣ ಅವರು ಏನನ್ನೂ ವಿವರಿಸಲಿಲ್ಲ. ಒಂದು ಚಿಕ್ಕ ಮರದ ಕೀಸುಳಿ ತೆಗೆದು ಕೈಗಿಟ್ಟರು. "ಮೊದಲು ಹಿಡೀರಿ, ಆಮೇಲೆ ಮಾತು" ಅಂದರು. ದೋಣಿ ಆಕಾರದ್ದು, ಮರವನ್ನು ಕೊನೆಗೆ ನಯ ಮಾಡುವಂಥದ್ದು. ಇದಕ್ಕೆ ಬೇರೆ ಹಿಡಿ ಇಲ್ಲ, ಮೈಯನ್ನೇ ಹಿಡಿದು ತಳ್ಳಬೇಕು. ಅಲಗಿನ ಹಿಂದೆ ಬಲಬದಿಯಲ್ಲಿ ಹೆಬ್ಬೆರಳಗಲದ ಒಂದು ಗುಳಿ ಇದೆ. ಕೆತ್ತಿದ್ದಲ್ಲ, ಹಿಡಿದು ಹಿಡಿದು ಸವೆದದ್ದು. ಅಷ್ಟು ಜಾಗ ಕನ್ನಡಿ ಹಾಗೆ ನುಣ್ಣಗಿದೆ. ನನ್ನ ಹೆಬ್ಬೆರಳು ಮಾತ್ರ ಅದರಲ್ಲಿ ಕೂರಲೇ ಇಲ್ಲ. ಹೇಗೆ ಹಿಡಿದರೂ ಬೇರೆ ಕಡೆಗೇ ಹೋಗುತ್ತಿತ್ತು. ಮುಂಭಾಗದಲ್ಲಿ ಮೂರು ಬೇರೆ ಬೇರೆ ಹೆಸರುಗಳ ಮುದ್ರೆ ಇದೆ.

ಆಮೇಲೆ ಗೋಡೆ ತುಂಬ ತೂಗು ಹಾಕಿದ್ದ, ಮರಕ್ಕೆ ತೂತು ಕೊರೆಯುವ ಬೈರಿಗೆಗಳು. ಬೀಗಗಳ ಪೆಟ್ಟಿಗೆ. ಹಿಡಿಯೊಳಗೆ ಕೂರುವಷ್ಟು ಚಿಕ್ಕ ಕಪ್ಪು ಲೆಕ್ಕದ ಯಂತ್ರ, ಹೆಸರು ಕುರ್ಟಾ. ಉರುಳೆ ಇರುವ ಸಂಗೀತ ಪೆಟ್ಟಿಗೆ, ಅದರಲ್ಲಿ ನಾಲ್ಕೈದು ಹಲ್ಲು ಮುರಿದಿವೆ. ಹೊರಡುವಾಗ ಇನ್ನೊಂದು ವಸ್ತು ಕೈಗೆ ಕೊಟ್ಟರು. ಅಂಗೈಗಿಂತ ಸ್ವಲ್ಪ ದೊಡ್ಡ ಕಬ್ಬಿಣದ ತೆಳು ಚಕ್ರ, ನಡುವೆ ಕೀಲು, ಅದಕ್ಕೆ ಗೇಣುದ್ದದ ಹಿಡಿ. ಸುಮ್ನೆ ತಿರುಗುತ್ತದೆ. ಅಂಚಿನಲ್ಲಿ ಒಂದೇ ಒಂದು ಗೀರು ಇದೆ. ಅಂಕಿ ಇಲ್ಲ, ಹಲ್ಲು ಇಲ್ಲ, ಅಲಗೂ ಇಲ್ಲ. "ಇದೇನು ಅಂತ ಮುಂದಿನ ಸಲ ಬಂದಾಗ ಹೇಳಿ" ಅಂದರು.

ಈಗ ನನ್ನ ನಿಜವಾದ ಪ್ರಶ್ನೆ. ಅವರಿಗೆ ಕಣ್ಣು ಮಂಜಾಗುತ್ತಿದೆ. ಸುಮಾರು 600 ವಸ್ತುಗಳಿವೆ, ಒಂದಕ್ಕೂ ಹೆಸರು, ವಿವರ ಬರೆದ ಚೀಟಿ ಇಲ್ಲ. ಎಲ್ಲ ಅವರ ತಲೆಯಲ್ಲೇ ಇದೆ. "ಬರೆದುಕೊಡ್ತೀರಾ?" ಅಂತ ಕೇಳಿದರು. ಒಪ್ಪಿಕೊಂಡು ಬಂದಿದ್ದೇನೆ. ಇಂಥ ಕೆಲಸ ಮಾಡಿದವರು ಇಲ್ಲಿ ಇದ್ದರೆ ದಯವಿಟ್ಟು ಹೇಳಿ. ಎಲ್ಲಿಂದ ಶುರು ಮಾಡೋದು?

ಮರದಹೊಟ್ಟು

ಬೈರಿಗೆ ಅವರೇ, ಒಪ್ಪಿಕೊಂಡಿದ್ದು ತುಂಬ ಒಳ್ಳೇದಾಯಿತು. ನಾನು ಒಂದು ಸಂಗ್ರಹಕ್ಕೆ ಎರಡು ವರ್ಷ ಈ ಕೆಲಸ ಮಾಡಿದ್ದೇನೆ. ಅಲ್ಲಿ ಮಾಡಿದ ದೊಡ್ಡ ತಪ್ಪು ಮೊದಲೇ ಹೇಳಿಬಿಡುತ್ತೇನೆ. ನಾವು ಹೆಸರು, ಅಳತೆ, ಕಾಲ ಅಂತ ಪಟ್ಟಿ ಮಾಡುತ್ತಾ ಕೂತೆವು. ಮಾಲೀಕರ ಮಾತು ಆಮೇಲೆ ಕೇಳಿದರಾಯಿತು ಅಂದುಕೊಂಡೆವು. ಅರ್ಧ ಪಟ್ಟಿ ಮುಗಿಯುವಷ್ಟರಲ್ಲಿ ಅವರು ತೀರಿಕೊಂಡರು. ಅಳತೆಯನ್ನು ಯಾರು ಯಾವಾಗ ಬೇಕಾದರೂ ತೆಗೆಯಬಹುದು. ಆ ವಸ್ತು ಯಾರ ಕೈಯಿಂದ ಬಂತು, ಮೊದಲು ಯಾರ ಹತ್ತಿರ ಇತ್ತು, ಏನಕ್ಕೆ ಬಳಸುತ್ತಿದ್ದರು ಅನ್ನೋದು ಅವರೊಬ್ಬರಿಗೇ ಗೊತ್ತಿತ್ತು.

ಹಾಗಾಗಿ ಮೊದಲ ಕೆಲಸ ಮಾತು. ಫೋನ್‌ನಲ್ಲಿ ರೆಕಾರ್ಡ್ ಹಾಕಿ, ಒಂದೊಂದೇ ವಸ್ತು ಅವರ ಕೈಗೆ ಕೊಡಿ. ಕೈಗೆ ಕೊಡೋದು ಮುಖ್ಯ. ಕಣ್ಣು ಮಂಜಾಗಿದ್ದರೂ ಕೈಗೆ ನೆನಪಿರುತ್ತದೆ. ಶುರುವಲ್ಲಿ ವಸ್ತುವಿನ ಸಂಖ್ಯೆಯನ್ನು ಜೋರಾಗಿ ಹೇಳಿ, ಇಲ್ಲದಿದ್ದರೆ ಆಮೇಲೆ ಯಾವ ಮಾತು ಯಾವುದಕ್ಕೆ ಅಂತ ಗೊಂದಲ ಆಗುತ್ತದೆ. ಸದ್ಯಕ್ಕೆ ಹತ್ತಿ ದಾರದಲ್ಲಿ ರಟ್ಟಿನ ಚೀಟಿ ಕಟ್ಟಿ ಸಂಖ್ಯೆ ಬರೆಯಿರಿ. ಅಂಟು ಪಟ್ಟಿ ಬೇಡ, ರಬ್ಬರ್ ಬ್ಯಾಂಡ್ ಬೇಡವೇ ಬೇಡ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಇದ್ದ ಕಡೆ ಕಪ್ಪು ಗೆರೆ ಬೀಳುತ್ತದೆ.

ಮೂರು ಮುದ್ರೆಗಳ ಬಗ್ಗೆ. ಇಂಗ್ಲೆಂಡ್ ಕಡೆಯ ಮರದ ಕೀಸುಳಿಗಳಲ್ಲಿ ತಯಾರಕರ ಹೆಸರು ಸಾಮಾನ್ಯವಾಗಿ ಮುಂಭಾಗದ ನಡುವೆ, ನೇರವಾಗಿ, ಅಚ್ಚುಕಟ್ಟಾಗಿ ಇರುತ್ತದೆ. ಬಳಸಿದವರ ಹೆಸರು ಅದರ ಮೇಲೆ ಕೆಳಗೆ, ಸ್ವಲ್ಪ ವಾಲಿ, ಕೆಲವು ಸಲ ಎರಡು ಮೂರು ಸಾರಿ ಹೊಡೆದಿರುತ್ತಾರೆ. ಹತ್ತು ಜನ ಒಟ್ಟಿಗೆ ಕೆಲಸ ಮಾಡುವ ಜಾಗದಲ್ಲಿ ಉಪಕರಣ ಅದಲುಬದಲಾಗಬಾರದು, ಅಲ್ವಾ? ಒಬ್ಬ ಬಡಗಿ ಕೆಲಸ ಬಿಟ್ಟಾಗ ಇನ್ನೊಬ್ಬ ಕೊಂಡು ತನ್ನ ಹೆಸರು ಹೊಡೆಯುತ್ತಿದ್ದ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮರದ ಮೈಗೆ ಒತ್ತಿದ ಹಾಗೆ ಅಡ್ಡ ಹಿಡಿದು ನೋಡಿ. ಹಗಲಲ್ಲಿ ಕಾಣದ ಅಕ್ಷರ ನೆರಳಲ್ಲಿ ಎದ್ದು ಕಾಣುತ್ತದೆ.

ಅಡಿಯನ್ನೂ ನೋಡಿ. ಮರದ ಅಡಿ ಸವೆದಾಗ ಅದನ್ನು ಮತ್ತೆ ಮಟ್ಟ ಮಾಡುತ್ತಾರೆ. ಹಾಗೆ ಮಾಡಿದಷ್ಟೂ ಅಲಗು ಹೊರಬರುವ ಬಾಯಿ ಅಗಲ ಆಗುತ್ತದೆ. ಬಾಯಿ ಅಗಲ ಆದರೆ ಮರ ಕಿತ್ತುಬರುತ್ತದೆ, ನಯ ಬರುವುದಿಲ್ಲ. ಆಗ ಬಾಯಿಯ ಮುಂದೆ ಒಂದು ಗಟ್ಟಿ ಮರದ ತುಂಡು ಕೂರಿಸುತ್ತಾರೆ. ಅಂಥ ತೇಪೆ ಇದ್ದರೆ ಆ ಕೀಸುಳಿ ಬಹಳ ವರ್ಷ ದುಡಿದಿದೆ ಅಂತ ಅರ್ಥ.

ಇನ್ನೊಂದು ವಿಷಯ. ಹೆಬ್ಬೆರಳು ಕೂರಲಿಲ್ಲ ಅಂದಿರಲ್ಲ, ಮುಂದಿನ ಸಲ ಎಡಗೈಲಿ ಹಿಡಿದು ನೋಡಿ.

ತಿದಿ

ಆ ಚಕ್ರ ಏನು ಅಂತ ನನಗೆ ಗೊತ್ತು! ಗಾಡಿಯ ಗಾಲಿಗೆ ಕಬ್ಬಿಣದ ಹಳಿ, ಅಂದರೆ ಸುತ್ತು ಬಳೆ, ಹಾಕುವ ಕಮ್ಮಾರರ ಅಳತೆ ಚಕ್ರ ಅದು. ನಮ್ಮ ತಾತ ಕಮ್ಮಾರರು, ಅವರ ಹತ್ತಿರ ಇಂಥದ್ದೇ ಇತ್ತು.

ಕೆಲಸ ಹೀಗೆ. ಮರದ ಗಾಲಿಯ ಅಂಚಿನಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಹಾಕೋದು. ಚಕ್ರದ ಗೀರನ್ನು ಆ ಗುರುತಿಗೆ ಹೊಂದಿಸಿ ಗಾಲಿಯ ಸುತ್ತ ಉರುಳಿಸೋದು. ಎಷ್ಟು ಸುತ್ತು ಬಂತು ಎಣಿಸಿ, ಕೊನೆಗೆ ಉಳಿದ ಚೂರಿಗೆ ಚಕ್ರದ ಮೇಲೇ ಸುಣ್ಣದ ಗೆರೆ ಹಾಕೋದು. ಆಮೇಲೆ ಅಷ್ಟೇ ಸುತ್ತುಗಳನ್ನು ಕಬ್ಬಿಣದ ಬಳೆಯ ಒಳಗಡೆ ಉರುಳಿಸಿ ಹೋಲಿಸಿ ನೋಡೋದು. ಅದಕ್ಕೇ ಅಂಕಿ ಇಲ್ಲ. ಇಷ್ಟು ಅಡಿ ಇಷ್ಟು ಅಂಗುಲ ಅಂತ ಯಾರಿಗೂ ಬೇಕಿಲ್ಲ. ಮರ ಎಷ್ಟು, ಕಬ್ಬಿಣ ಎಷ್ಟು, ಎರಡರ ನಡುವಿನ ವ್ಯತ್ಯಾಸ ಗೊತ್ತಾದರೆ ಸಾಕು.

ಹಳಿಯನ್ನು ಬೇಕಂತಲೇ ಗಾಲಿಗಿಂತ ಸ್ವಲ್ಪ ಚಿಕ್ಕದು ಮಾಡುತ್ತಾರೆ. ಬೆಂಕಿಯಲ್ಲಿ ಕಾಯಿಸಿದರೆ ಅದು ಹಿಗ್ಗುತ್ತದೆ. 4 ಮೀಟರ್ ಸುತ್ತಳತೆಯ ಹಳಿಯನ್ನು 500 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ಸುಮಾರು 24 ಮಿಲಿಮೀಟರ್ ಉದ್ದ ಜಾಸ್ತಿ ಆಗುತ್ತದೆ. ಆ ಬಿಸಿಯಲ್ಲೇ ಇಕ್ಕುಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲು ನೀರು ಹೊಯ್ಯಬೇಕು. ಕಬ್ಬಿಣ ಕುಗ್ಗುವಾಗ ಸುತ್ತಿನ ಮರದ ತುಂಡುಗಳು, ನಡುವಿನ ಅರೆಕಾಲುಗಳು ಎಲ್ಲ ಕಟಕಟ ಅಂತ ಬಿಗಿಯುತ್ತವೆ. ಆ ಸದ್ದು ಕೇಳಿದವರು ಮರೆಯುವುದಿಲ್ಲ. ಹಳಿ ಅತಿ ಚಿಕ್ಕದಾದರೆ ಗಾಲಿ ಸೊಟ್ಟಗಾಗುತ್ತದೆ, ದೊಡ್ಡದಾದರೆ ನಾಲ್ಕು ದಿನದಲ್ಲಿ ಕಳಚಿ ಬೀಳುತ್ತದೆ. ಇಡೀ ಕೆಲಸ ಆ ಪುಟ್ಟ ಚಕ್ರದ ಮೇಲೆ ನಿಂತಿದೆ.

ಚೀಟಿಯಲ್ಲಿ "ಅಳತೆ ಚಕ್ರ" ಅಂತಷ್ಟೇ ಬರೆದು ಬಿಡಬೇಡಿ, ದಯವಿಟ್ಟು. ಹೇಗೆ ಉರುಳಿಸುತ್ತಿದ್ದರು ಅಂತಲೂ ಬರೆಯಿರಿ.

ಎಣ್ಣೆಬಟ್ಟೆ

ಮೊದಲು ಎಲ್ಲವನ್ನೂ ತೊಳೆದು ತುಕ್ಕು ತೆಗೆದುಬಿಡಿ ಅಂತ ನನ್ನ ಅಭಿಪ್ರಾಯ. ಫೋಟೋನೂ ಚೆನ್ನಾಗಿ ಬರುತ್ತದೆ. ತಂತಿ ಬ್ರಷ್ಷನ್ನು ಡ್ರಿಲ್ಲಿಗೆ ಹಾಕಿಕೊಂಡರೆ ದಿನಕ್ಕೆ ಮೂವತ್ತು ಉಪಕರಣ ಆರಾಮಾಗಿ ಮುಗಿಯುತ್ತದೆ.

ಮರದಹೊಟ್ಟು

ಎಣ್ಣೆಬಟ್ಟೆ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಇದು ಖಂಡಿತ ಬೇಡ. ನಾನೇ ಒಮ್ಮೆ ಹಾಗೆ ಮಾಡಿದ್ದೆ. ಹಿತ್ತಾಳೆ ಚೌಕಟ್ಟು, ನಡುವೆ ಕರಿಮರ ತುಂಬಿದ ಒಂದು ಬೈರಿಗೆ ಸಿಕ್ಕಿತ್ತು. ಶೆಫೀಲ್ಡಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಮಾಡುತ್ತಿದ್ದ ಜಾತಿಯದು. ಹೊಳೆಯಲಿ ಅಂತ ಉಜ್ಜುವ ಚಕ್ರಕ್ಕೆ ಹಿಡಿದೆ. ಹತ್ತು ನಿಮಿಷದಲ್ಲಿ ಚಿನ್ನದ ಹಾಗೆ ಹೊಳೆಯಿತು. ತಯಾರಕರ ಹೆಸರಿನ ಜಾಗದಲ್ಲಿ ಒಂದು ಮಸುಕು ಕಲೆ ಉಳಿಯಿತು. ಆ ಹೆಸರು ಏನಿತ್ತು ಅಂತ ನಾನು ಬರೆದುಕೊಂಡೂ ಇರಲಿಲ್ಲ. ಇವತ್ತಿಗೂ ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ತುಕ್ಕಿನಲ್ಲೂ ಎರಡು ಬಗೆ ಇದೆ. ಮುಟ್ಟಿದರೆ ಬೆರಳಿಗೆ ಕೆಂಪು ಪುಡಿ ಹತ್ತಿದರೆ ಅದು ಇನ್ನೂ ತಿನ್ನುತ್ತಿರುವ ತುಕ್ಕು. ಅದನ್ನು ನಿಲ್ಲಿಸಲೇಬೇಕು. ಗಟ್ಟಿಯಾದ, ಕಂದು ಕಪ್ಪು ಬಣ್ಣದ ಪದರ ಬೇರೆ. ಅದು ಅಂಟಿಕೊಂಡು ಕೂತಿದೆ, ಹಾಗೇ ಇರಲಿ. ಕೆಂಪು ಪುಡಿಗೆ ತೆಳು ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಹಿತ್ತಾಳೆಯ ಚೂರಿನಿಂದ ಮೆಲ್ಲಗೆ ಕೆರೆಯಬಹುದು, ಹಿತ್ತಾಳೆ ಉಕ್ಕಿಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ನಿಂಬೆ ಹುಳಿಯಲ್ಲಿ ಮುಳುಗಿಸುವ ಉಪಾಯ ಎಲ್ಲರೂ ಹೇಳುತ್ತಾರೆ. ಅದು ತುಕ್ಕಿನ ಜೊತೆ ಹಳೇ ಮೈಬಣ್ಣವನ್ನೂ ತೆಗೆದು ಲೋಹವನ್ನು ಬೂದಿ ಬಣ್ಣಕ್ಕೆ ತರುತ್ತದೆ. ಒಮ್ಮೆ ಹೋದ ಬಣ್ಣ ಮತ್ತೆ ಬರುವುದಿಲ್ಲ. ಕೊನೆಗೆ ಮೇಣದ ತೆಳು ಪದರ. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ಹುಟ್ಟಿದ ರಿನೈಸಾನ್ಸ್ ವ್ಯಾಕ್ಸ್ ಅನ್ನು ಮ್ಯೂಸಿಯಂಗಳು ಇಂದಿಗೂ ಬಳಸುತ್ತವೆ.

ಎಲ್ಲಕ್ಕಿಂತ ಮೊದಲು ಗಾಳಿಯ ತೇವ ನೋಡಿ. ತೇವಾಂಶ ಶೇಕಡಾ 50ಕ್ಕಿಂತ ಕೆಳಗಿದ್ದರೆ ಕಬ್ಬಿಣ ನೆಮ್ಮದಿಯಾಗಿರುತ್ತದೆ. ಪೂರ್ತಿ ಒಣಗಿಸಲೂ ಬಾರದು, ಮರ ಬಿರಿಯುತ್ತದೆ.

ಎಣ್ಣೆಬಟ್ಟೆ

ಹೆಸರು ಅಳಿಸಿಹೋಗುವ ವಿಷಯ ನನಗೆ ಹೊಳೆದೇ ಇರಲಿಲ್ಲ. ನನ್ನ ಹತ್ತಿರ ಇರುವ ನಾಲ್ಕು ಉಳಿಗಳನ್ನು ಈ ವಾರ ಉಜ್ಜಬೇಕು ಅಂತಿದ್ದೆ. ಮೊದಲು ಟಾರ್ಚ್ ಹಿಡಿದು ನೋಡುತ್ತೇನೆ. ಧನ್ಯವಾದ.

ಹಲ್ಲುಗಾಲಿ

ಎರಡು ವಿಷಯ ಹೇಳಬೇಕು. ಮೊದಲನೇದು ತುರ್ತು.

ಆ ಸಂಗೀತ ಪೆಟ್ಟಿಗೆಯನ್ನು ಯಾರೂ ಬಿಚ್ಚಬೇಡಿ. ಉರುಳೆಯ ಮೇಲೆ ಕೂದಲಿನಷ್ಟು ಸಣ್ಣ ಸಾವಿರಾರು ಮುಳ್ಳುಗಳಿರುತ್ತವೆ. ಉರುಳೆ ತಿರುಗಿದಾಗ ಅವು ಉಕ್ಕಿನ ಬಾಚಣಿಗೆಯ ಹಲ್ಲುಗಳನ್ನು ಮೀಟುತ್ತವೆ. ವೇಗ ಹಿಡಿತದಲ್ಲಿಡೋಕೆ ಒಂದು ಪುಟ್ಟ ಗಾಳಿರೆಕ್ಕೆ ಇದೆ, ಇಡೀ ಸ್ಪ್ರಿಂಗಿನ ಬಲವನ್ನು ತಡೆಯೋದು ಅದೊಂದೇ. ಸ್ಪ್ರಿಂಗ್ ಬಿಗಿದಿರುವಾಗ ಆ ರೆಕ್ಕೆಯನ್ನು ಕಳಚಿದರೆ ಉರುಳೆ ಹುಚ್ಚು ವೇಗದಲ್ಲಿ ಸುತ್ತುತ್ತದೆ. ಕೆಲವೇ ಕ್ಷಣದಲ್ಲಿ ಮುಳ್ಳು ಬಾಗಿ, ಹಲ್ಲು ಮುರಿದು, ಎಲ್ಲ ಮುಗಿದುಹೋಗುತ್ತದೆ. ನಾಲ್ಕೈದು ಹಲ್ಲು ಮುರಿದಿವೆ ಅಂದಿರಲ್ಲ, ಯಾರೋ ಒಮ್ಮೆ ಹಾಗೆ ಮಾಡಿರಲೂಬಹುದು. ಸಾಗಿಸುವಾಗ ಹಾಡು ಪೂರ್ತಿ ಮುಗಿದು ನಿಂತಿರಬೇಕು. ನಡುವೆ ನಿಂತಿದ್ದರೆ ಮುಳ್ಳುಗಳು ಹಲ್ಲಿಗೆ ಸಿಕ್ಕಿಕೊಂಡಿರುತ್ತವೆ, ಒಂದು ಕುಲುಕಿಗೆ ಮುರಿಯುತ್ತವೆ.

ಅದೇ ಬಾಚಣಿಗೆಯನ್ನು ಕೆಳಗಿನಿಂದ ನೋಡಿ. ದಪ್ಪ ಸ್ವರದ ಹಲ್ಲುಗಳ ಅಡಿಗೆ ಸೀಸದ ತುಂಡು ಅಂಟಿಸಿರುತ್ತಾರೆ, ತೂಕ ಹೆಚ್ಚಿದರೆ ಸ್ವರ ಇಳಿಯುತ್ತದೆ. ಸೀಸ ಬಿಳಿ ಪುಡಿಯಾಗಿದ್ದರೆ ಬರಿಗೈಲಿ ಮುಟ್ಟಬೇಡಿ, ಅದು ವಿಷ. ಸೀಸದ ತೂಗುಗುಂಡುಗಳನ್ನು ಓಕ್ ಮರದ ಡ್ರಾಯರಿನಲ್ಲಿ ಇಟ್ಟಿದ್ದರೆ ಹೊರಗೆ ತೆಗೆಯಿರಿ. ಓಕ್ ಮರದಿಂದ ಹುಳಿ ಆವಿ ಬರುತ್ತದೆ, ಅದೇ ಸೀಸವನ್ನು ತಿನ್ನೋದು.

ಹಾಗೇ, ಕತ್ತಲಲ್ಲಿ ಹೊಳೆಯುತ್ತಿದ್ದ ಹಳೇ ಗಡಿಯಾರ, ಮೀಟರುಗಳಿದ್ದರೆ ಅದರ ಗಾಜು ತೆಗೆಯಬೇಡಿ. ಕೆಲವಕ್ಕೆ ರೇಡಿಯಂ ಬಣ್ಣ ಹಚ್ಚಿರುತ್ತಾರೆ. ಈಗ ಹೊಳೆಯುತ್ತಿಲ್ಲ ಅಂದರೆ ಅಪಾಯ ಹೋಯಿತು ಅಂತಲ್ಲ. ಹೊಳಪು ಕೊಡುವ ಪುಡಿ ಸವೆದಿದೆ ಅಷ್ಟೆ, ರೇಡಿಯಂ ಅರ್ಧಕ್ಕೆ ಇಳಿಯೋಕೆ 1600 ವರ್ಷ ಬೇಕು.

ಎರಡನೇದು ಕುರ್ಟಾ. ಅದನ್ನು ಮಾಡಿದವರು ವಿಯೆನ್ನಾದ ಕುರ್ಟ್ ಹೆರ್ಟ್ಸ್‌ಸ್ಟಾರ್ಕ್. ಅವರ ತಂದೆಯ ಕಾರ್ಖಾನೆಯಲ್ಲಿ ಲೆಕ್ಕದ ಯಂತ್ರಗಳನ್ನೇ ಮಾಡುತ್ತಿದ್ದರು. ನಾಜಿಗಳು ಅವರನ್ನು 1943ರಲ್ಲಿ ಜರ್ಮನಿಯ ಬುಕೆನ್‌ವಾಲ್ಡ್ ಸೆರೆಶಿಬಿರಕ್ಕೆ ತಳ್ಳಿದರು. ಅಲ್ಲಿ ಇದ್ದುಕೊಂಡೇ ಈ ಯಂತ್ರದ ನಕ್ಷೆ ಪೂರ್ತಿ ಮಾಡಿದರು. ಬಿಡುಗಡೆ ಆದ ಮೇಲೆ ಲಿಕ್ಟನ್‌ಸ್ಟೈನ್ ಅನ್ನುವ ಪುಟ್ಟ ದೇಶದಲ್ಲಿ 1948ರಿಂದ ಇದನ್ನು ತಯಾರಿಸಿದರು. 1970ರ ದಶಕದ ಆರಂಭದವರೆಗೆ ಸುಮಾರು 1,40,000 ಯಂತ್ರ ಹೊರಬಂದವು. ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಬಂದ ಮೇಲೆ ನಿಂತಿತು.

ಬಳಸೋದು ತುಂಬ ಸುಲಭ. ಮೊದಲ ಮಾದರಿಗೆ ಮೈ ಸುತ್ತ 8 ಜಾರುಗುಂಡಿಗಳು, ನೆತ್ತಿ ಮೇಲೆ ಹಿಡಿಕೆ. 23 ಗುಣಿಸು 14 ಬೇಕು ಅಂದುಕೊಳ್ಳಿ. ಗುಂಡಿಗಳಲ್ಲಿ 23 ಕೂರಿಸಿ, ಹಿಡಿಕೆ ನಾಲ್ಕು ಸುತ್ತು ತಿರುಗಿಸಿ. 92 ಬರುತ್ತದೆ. ಮೇಲಿನ ತಲೆಯನ್ನು ಎತ್ತಿ ಒಂದು ಮನೆ ಸರಿಸಿ, ಒಂದು ಸುತ್ತು ತಿರುಗಿಸಿ. 322. ಒಟ್ಟು ಐದೇ ಸುತ್ತು. ಕಳೆಯಬೇಕಾದರೆ ಹಿಡಿಕೆಯನ್ನು ಮೇಲಕ್ಕೆ ಎಳೆದು ತಿರುಗಿಸಬೇಕು. ಯಂತ್ರ ಹಿಂದಕ್ಕೆ ತಿರುಗುವುದಿಲ್ಲ. ಕಳೆಯಬೇಕಾದ ಸಂಖ್ಯೆಯ ಪೂರಕವನ್ನು (100ಕ್ಕೆ 23ರ ಪೂರಕ 77 ಇದ್ದ ಹಾಗೆ) ಕೂಡಿಸುತ್ತದೆ, ಉತ್ತರ ತಾನಾಗಿ ಸರಿ ಬರುತ್ತದೆ. ಅದಕ್ಕೇ ಒಳಗೆ ಒಂದೇ ಮೆಟ್ಟಿಲು ಉರುಳೆ (ಮೆಟ್ಟಿಲಿನ ಹಾಗೆ ಹಲ್ಲುಗಳಿರುವ ಉರುಳೆ) ಸಾಕಾಗಿದೆ, ಯಂತ್ರ ಅಷ್ಟು ಚಿಕ್ಕದಾಗಿದೆ. ಹಿಡಿಕೆಯನ್ನು ಒತ್ತಾಯದಿಂದ ತಿರುಗಿಸಬೇಡಿ. ತಡೆದರೆ ಏನೋ ಅರ್ಧಕ್ಕೆ ನಿಂತಿದೆ ಅಂತ ಅರ್ಥ.

ಹೊಸನೋಡುಗ

ನಾನು ಇಂಥ ಒಂದು ಮನೆ ಸಂಗ್ರಹ ನೋಡೋಕೆ ಮುಂದಿನ ತಿಂಗಳು ಹೋಗುತ್ತಿದ್ದೇನೆ. ಮುಟ್ಟಬಹುದಾ? ಏನೇನು ಎಚ್ಚರ ಬೇಕು?

ಮರದಹೊಟ್ಟು

ಕೇಳಿ ಮುಟ್ಟಿ. ಉಂಗುರ, ಕಡಗ, ಕೈಗಡಿಯಾರ ತೆಗೆದಿಡಿ. ಎರಡೂ ಕೈ ಬಳಸಿ, ಒಂದು ಕೈ ಅಡಿಗೆ ಇರಲಿ. ಹಿಡಿಯಿಂದ ಎತ್ತಬೇಡಿ, ಹಳೇ ಅಂಟು ಎಲ್ಲಿ ಬಿಟ್ಟಿದೆಯೋ ಗೊತ್ತಿರುವುದಿಲ್ಲ. ಬರಿಗೈ ಬೆವರು ಉಕ್ಕಿನ ಮೇಲೆ ಬೆರಳಚ್ಚಾಗಿ ತುಕ್ಕು ಹಿಡಿಯುತ್ತದೆ, ನೋಡಿದ ಮೇಲೆ ಒರೆಸಿ ಇಡಿ. "ಇದು ಎಷ್ಟು ಬೆಲೆ ಬಾಳುತ್ತೆ" ಅಂತ ಮೊದಲೇ ಕೇಳಬೇಡಿ. "ಇದು ನಿಮಗೆ ಹೇಗೆ ಸಿಕ್ಕಿತು" ಅಂತ ಕೇಳಿ, ಅವರು ನಿಮ್ಮನ್ನು ಕೂರಿಸಿಕೊಂಡು ಹೇಳುತ್ತಾರೆ.

ಕೀಲಿಕೈ

ಬೀಗಗಳ ಪೆಟ್ಟಿಗೆ ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ, ನನಗೆ ಅದೇ ಬೇಕಿತ್ತು! ಉದ್ದ ಕೊಳವೆ ಹಾಗಿರುವ, ತುದಿಯಲ್ಲಿ ಸಣ್ಣ ಸೀಳುಗಳಿರುವ ಕೀಲಿ ಇದ್ದರೆ ಅದು ಬ್ರಾಮಾ ಬಗೆಯದು. ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟ್ ಪಡೆದದ್ದು. ಲಂಡನ್ನಿನ ಅಂಗಡಿ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಇದನ್ನು ಕೀಲಿ ಇಲ್ಲದೆ ತೆರೆದವರಿಗೆ 200 ಗಿನಿ ಕೊಡುತ್ತೇವೆ ಅಂತ ಫಲಕ ಹಾಕಿದ್ದರು. ದಶಕಗಳ ಕಾಲ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದ ಸಮಯದಲ್ಲಿ ಅಮೆರಿಕದ ಆಲ್‌ಫ್ರೆಡ್ ಚಾರ್ಲ್ಸ್ ಹಾಬ್ಸ್ ಬಂದು ತೆರೆದರು. 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು.

ಅದಕ್ಕೂ ಮೊದಲು ಅವರು ಚಬ್ ಬೀಗವನ್ನು 25 ನಿಮಿಷದಲ್ಲಿ ತೆರೆದಿದ್ದರು. 1818ರ ಆ ಬೀಗದ ಚಮತ್ಕಾರ ನನಗೆ ಇವತ್ತಿಗೂ ಇಷ್ಟ. ಯಾರಾದರೂ ಕಡ್ಡಿ ಹಾಕಿ ಒಳಗಿನ ಪಟ್ಟಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ಎತ್ತಿದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಾಲೀಕ ಬಂದು ತನ್ನ ಕೀಲಿ ಹಾಕಿದಾಗ ತಿರುಗುವುದಿಲ್ಲ. ಯಾರೋ ಕೈ ಹಾಕಿದ್ದಾರೆ ಅಂತ ಬೀಗವೇ ಹೇಳುತ್ತದೆ. ಹಾಗಾಗಿ ನಿಮ್ಮ ಪೆಟ್ಟಿಗೆಯಲ್ಲಿ ಕೀಲಿ ಇದ್ದೂ ತಿರುಗದ ಬೀಗ ಇದ್ದರೆ ಕೆಟ್ಟಿದೆ ಅಂತ ಬರೆಯಬೇಡಿ. ಯಾವ ಕೀಲಿ ಯಾವ ಬೀಗದ್ದು ಅಂತ ಹಿರಿಯರಿಂದಲೇ ಕೇಳಿ, ಇವತ್ತೇ ಒಟ್ಟಿಗೆ ಕಟ್ಟಿಡಿ.

ತಿದಿ

ನನಗೊಂದು ಬೇಜಾರು. ಇಷ್ಟೆಲ್ಲ ಒಬ್ಬರ ಶೆಡ್ಡಿನಲ್ಲಿ ಇರೋದು ಸರಿಯಾ? ಮ್ಯೂಸಿಯಂಗೆ ಕೊಟ್ಟುಬಿಟ್ಟರೆ ಎಲ್ಲರೂ ನೋಡಬಹುದು.

ಹಲ್ಲುಗಾಲಿ

ತಿದಿ ಅವರೇ, ಎಷ್ಟೋ ಮ್ಯೂಸಿಯಂ ಹುಟ್ಟಿದ್ದೇ ಇಂಥ ಶೆಡ್ಡುಗಳಿಂದ. ಪೆನ್ಸಿಲ್ವೇನಿಯಾದ ಹೆನ್ರಿ ಮರ್ಸರ್ 1897ರಲ್ಲಿ ಬೆಂಕಿಗೂಡಿನ ಹಳೇ ಸಾಮಾನು ಹುಡುಕುತ್ತಾ ಗುಜರಿಯವನ ಹತ್ತಿರ ಹೋದರು. ಅಲ್ಲಿ ಯಾರಿಗೂ ಬೇಡವಾದ ಉಪಕರಣಗಳ ರಾಶಿ ನೋಡಿ ಕೂಡಿಡೋಕೆ ಶುರು ಮಾಡಿದರು. 1916ಕ್ಕೆ ಅದಕ್ಕೊಂದು ದೊಡ್ಡ ಮ್ಯೂಸಿಯಂ ಆಯಿತು, ಬೆಂಕಿ ತಾಗಬಾರದು ಅಂತ ಇಡೀ ಕಟ್ಟಡ ಕಾಂಕ್ರೀಟಿನದು. ಗಾಡಿ, ದೋಣಿ ಎಲ್ಲ ಚಾವಣಿಯಿಂದ ತೂಗುತ್ತಿವೆ. ಫ್ರಾನ್ಸಿನ ತ್ರ್ವಾ ಊರಿನಲ್ಲಿ 1974ರಲ್ಲಿ ತೆರೆದ ಉಪಕರಣಗಳ ಮನೆಯೂ ಪೋಲ್ ಫೆಲರ್ ಅನ್ನುವ ಒಬ್ಬ ಪಾದ್ರಿ ಕೂಡಿಟ್ಟದ್ದರಿಂದಲೇ ಆದದ್ದು. ಇವರ ಸಂಗ್ರಹ ಮುಂದೆ ಎಲ್ಲಿಗೆ ಹೋಗಬೇಕು ಅನ್ನೋದು ಅವರ ಇಷ್ಟ. ಆದರೆ ಚೀಟಿ ಇಲ್ಲದೆ ಎಲ್ಲಿಗೆ ಹೋದರೂ ಅದು ಕಬ್ಬಿಣದ ರಾಶಿ.

ಫಿಲಡೆಲ್ಫಿಯಾದ ಫ್ರ್ಯಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ನಡೆದದ್ದು ಕೇಳಿ. 1928ರಲ್ಲಿ ಒಂದು ಮನೆತನದವರು ಬೆಂಕಿಗೆ ಸಿಕ್ಕಿ ಹಾಳಾಗಿದ್ದ ಒಂದು ಯಂತ್ರಗೊಂಬೆ ಕೊಟ್ಟರು. ಅದನ್ನು ಮಾಡಿದವರು ಮೆಲ್ಜೆಲ್ ಅಂತ ಮನೆಯವರು ನಂಬಿದ್ದರು. ಅಲ್ಲಿನ ಕೆಲಸಗಾರರೊಬ್ಬರು ಕೂತು ರಿಪೇರಿ ಮಾಡಿದರು. ಕೈಗೆ ಪೆನ್ನು ಕೊಟ್ಟು ಓಡಿಸಿದಾಗ ಅದು ನಾಲ್ಕು ಚಿತ್ರ ಬಿಡಿಸಿತು, ಮೂರು ಪದ್ಯ ಬರೆಯಿತು. ಒಂದು ಪದ್ಯದ ಅಂಚಿನಲ್ಲಿ ಫ್ರೆಂಚಿನಲ್ಲಿ ಬರೆದದ್ದು: ಮಯಾರ್ದೆಯ ಯಂತ್ರಗೊಂಬೆ ಬರೆದದ್ದು. ತನ್ನನ್ನು ಮಾಡಿದ ಸ್ವಿಸ್ ಕುಶಲಕರ್ಮಿ ಆನ್ರಿ ಮಯಾರ್ದೆ ಹೆಸರನ್ನು ಅದೇ ಹೇಳಿಬಿಟ್ಟಿತು, ಸುಮಾರು 130 ವರ್ಷ ಆದಮೇಲೆ. ಗೊಂಬೆಯ ಕೈ ನಡೆಸುವ ಹಿತ್ತಾಳೆಯ ತಟ್ಟೆಗಳ ಅಂಚಿನಲ್ಲಿ ಆ ಅಕ್ಷರಗಳು ಅಷ್ಟು ಕಾಲ ಕೂತಿದ್ದವು. ಒಂದು ಉಳಿಗೋ ಕೀಸುಳಿಗೋ ಹಾಗೆ ಹೇಳೋಕೆ ಬರುವುದಿಲ್ಲ, ಅಲ್ವಾ?

ಕೀಲಿಕೈ

ಇದನ್ನು ಓದಿ ಮೈ ಜುಮ್ ಅಂತು.

ಗುರುತು ಸಿಗದ ವಸ್ತುಗಳನ್ನು ಬಿಡಬೇಡಿ ಬೈರಿಗೆ ಅವರೇ. ಅಮೆರಿಕದಲ್ಲಿ 1933ರಿಂದ ಹಳೇ ಕಸುಬುಗಳ ಅಧ್ಯಯನಕ್ಕೇ ಒಂದು ಸಂಘ ಇದೆ. "ಇದೇನು?" ಅಂತ ಕೇಳೋಕೆ ಅವರ ಪತ್ರಿಕೆಯಲ್ಲಿ ಜಾಗವೇ ಇಟ್ಟಿದ್ದಾರೆ. ಚೀಟಿಯಲ್ಲಿ ತಿಳಿದದ್ದು ಬೇರೆ, ಊಹೆ ಬೇರೆ ಸಾಲಿನಲ್ಲಿ ಬರೆಯಿರಿ.

ಬೈರಿಗೆ

ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ನಿನ್ನೆ ಮತ್ತೆ ಹೋಗಿದ್ದೆ. ನಡೆದದ್ದನ್ನೆಲ್ಲ ಬರೆಯುತ್ತೇನೆ.

ಚಕ್ರದ ಉತ್ತರ ಹೇಳಿದೆ. ತಿದಿ ಅವರು ಹೇಳಿದ್ದನ್ನೇ ಹೇಳಿದೆ, ನಿಮ್ಮ ತಾತನ ಕಥೆಯನ್ನೂ ಸೇರಿಸಿ. ಹಿರಿಯರು ಎದ್ದು ಸೀಮೆಸುಣ್ಣ ತಂದರು. ದುಂಡು ಮೇಜಿನ ಅಂಚಿಗೆ ಗುರುತು ಹಾಕಿ ಚಕ್ರ ಉರುಳಿಸಿದರು. ಏಳು ಸುತ್ತು ಮತ್ತೆ ಒಂದಿಷ್ಟು. ಎಣಿಸುವಾಗ ತುಟಿ ಮಾತ್ರ ಆಡುತ್ತಿತ್ತು, ಕಣ್ಣು ಮುಚ್ಚಿದ್ದರು. ಬೆರಳಿಗೆ ಗೀರು ಸಿಕ್ಕಿದಾಗಲೆಲ್ಲ ಒಂದು ಎಣಿಕೆ. ಆ ವಿಡಿಯೋ ಆ ಚೀಟಿಯ ಸಂಖ್ಯೆಗೇ ಜೋಡಿಸಿದ್ದೇನೆ.

ಮೂರು ಗಂಟೆಯಲ್ಲಿ 41 ವಸ್ತು ಮುಗಿಯಿತು. ಇದೇ ವೇಗದಲ್ಲಿ ಹೋದರೆ ಹದಿನಾಲ್ಕು ಹದಿನೈದು ಭಾನುವಾರ ಬೇಕು. ಮರದಹೊಟ್ಟು ಅವರು ಹೇಳಿದ ಹಾಗೆ ಕೈಗೇ ಕೊಟ್ಟೆ. ಹೆಸರು ನೆನಪಾಗದ ವಸ್ತುಗಳೂ ಹಿಡಿದ ತಕ್ಷಣ ಅವರಿಗೆ ನೆನಪಾದವು. ಒಂದು ಬಾಚಿಯನ್ನು ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಇದು ನನ್ನ ಗೆಳೆಯನದು, ಅವನ ಮಗ ಗುಜರಿಗೆ ಹಾಕಿದ್ದ" ಅಂದರು. ಅಷ್ಟನ್ನೂ ಬರೆದಿದ್ದೇನೆ.

ಬೀಗಗಳಿಗೆ ಕೀಲಿ ಕಟ್ಟಿಸಿದೆವು. ಎರಡು ಕೀಲಿಗೆ ಮಾತ್ರ ಬೀಗ ಸಿಗಲಿಲ್ಲ. ಸೀಸದ ತೂಗುಗುಂಡುಗಳು ನಿಜವಾಗಿಯೂ ಮರದ ಡ್ರಾಯರಿನಲ್ಲೇ ಇದ್ದವು, ಬಿಳಿ ಪುಡಿ ಹಿಡಿದಿತ್ತು. ಕೈಗವಸು ಹಾಕಿ ಬೇರೆ ಡಬ್ಬಿಗೆ ಹಾಕಿದೆ. ಸಂಗೀತ ಪೆಟ್ಟಿಗೆಯ ಮುಚ್ಚಳಕ್ಕೆ "ಬಿಚ್ಚಬೇಡಿ" ಅಂತ ದಾರ ಕಟ್ಟಿದ್ದೇನೆ.

ಕೊನೆಗೆ ಆ ಕೀಸುಳಿ. ದೀಪ ಆರಿಸಿ ಟಾರ್ಚನ್ನು ಅಡ್ಡ ಹಿಡಿದೆ. ಮೂರು ಹೆಸರುಗಳ ಕೆಳಗೆ ನಾಲ್ಕನೇದು ಕಂಡಿತು. ಅದರ ಮೇಲೆ ಇನ್ನೊಬ್ಬರು ತಮ್ಮ ಹೆಸರು ಹೊಡೆದಿದ್ದಾರೆ, ಮೊದಲ ಎರಡು ಅಕ್ಷರ ಮಾತ್ರ ಉಳಿದಿವೆ. ಅಡಿಯಲ್ಲಿ ತೇಪೆಯೂ ಇದೆ, ಬೇರೆ ಬಣ್ಣದ ಮರ, ಕೂಡಿಸಿದ ಗೆರೆ ಉಗುರಿಗೂ ಸಿಗುವುದಿಲ್ಲ. ಆಮೇಲೆ ಎಡಗೈಗೆ ತೆಗೆದುಕೊಂಡೆ. ಹೆಬ್ಬೆರಳು ನೇರವಾಗಿ ಗುಳಿಯೊಳಗೆ ಹೋಗಿ ಕೂತಿತು. ಉಳಿದ ನಾಲ್ಕು ಬೆರಳು ಆಚೆ ಬದಿಯಲ್ಲಿ ತಾವಾಗಿ ಜಾಗ ಹಿಡಿದವು.

ಹಿರಿಯರಿಗೆ ತೋರಿಸಿದೆ. ಅವರು ಮೂವತ್ತು ವರ್ಷದಿಂದ ಆ ಕೀಸುಳಿಯನ್ನು ಬಂದವರ ಬಲಗೈಗೆ ಕೊಡುತ್ತಾ ಬಂದಿದ್ದಾರಂತೆ. ತಮ್ಮ ಎಡಗೈಯಲ್ಲಿ ಹಿಡಿದು, ಮೇಜಿನ ಮೇಲೆ ಎರಡು ಸಲ ತಳ್ಳಿ ನೋಡಿದರು. "ಮೊದಲನೇ ಚೀಟಿ ಇದಕ್ಕೇ ಬರೀರಿ" ಅಂದರು. ಬರೆದದ್ದು ಇಷ್ಟು:

"ಸಂಖ್ಯೆ 1. ನಯ ಮಾಡುವ ಮರದ ಕೀಸುಳಿ, ದೋಣಿ ಆಕಾರ. ಮುಂಭಾಗದಲ್ಲಿ ನಾಲ್ಕು ಹೆಸರುಗಳ ಮುದ್ರೆ, ಒಂದು ಅರ್ಧ ಅಳಿಸಿದೆ. ಬಾಯಿಗೆ ತೇಪೆ. ಅಲಗಿನ ಹಿಂದೆ ಬಲಬದಿಯಲ್ಲಿ ಹೆಬ್ಬೆರಳ ಸವೆತ. ಊಹೆ: ಬಳಸಿದವರಲ್ಲಿ ಒಬ್ಬರು ಎಡಗೈ ಬಡಗಿ. ನೋಡುವವರು ಎಡಗೈಲಿ ಹಿಡಿಯಬೇಕು."